ಧ್ವನಿ ಎಂಜಿನಿಯರಿಂಗ್ ಕಲಿತ ಬಗೆ: ನನ್ನ ಅನುಭವ

ಹತ್ತನೇ ತರಗತಿ ಮುಗಿದ ಮೇಲೆ ನಾನು ಸೇರಿದ್ದು ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನ ಧ್ವನಿಗ್ರಹಣ ಡಿಪ್ಲೊಮಾಕ್ಕೆ. ಛಾಯಾಗ್ರಹಣ ಮತ್ತು ಧ್ವನಿಗ್ರಹಣವನ್ನು ಡಿಪ್ಲೊಮಾ ಹಂತದಲ್ಲಿ ಕಲಿಸುವ ಈ ಪರಂಪರೆ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ 1943ರಲ್ಲಿಯೇ ಆರಂಭವಾಗಿತ್ತು. ಪುಣೆಯ ಪ್ರಭಾತ್ ಸ್ಟುಡಿಯೋ ಆವರಣದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ. ಸಿನಿಮಾ ತಂತ್ರಜ್ಞಾನವನ್ನು ಪಾಲಿಟೆಕ್ನಿಕ್ಕಿನ ಶಿಸ್ತಿನಲ್ಲಿ ಕಲಿಸಬಹುದೆಂದು ನಮ್ಮ ನಾಡಿನಲ್ಲಿ ಅಷ್ಟು ಮೊದಲೇ ಯೋಚಿಸಿದ್ದರು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ. ಆದರೆ ಡಿಪ್ಲೊಮಾ ಕೈಗೆ ಬಂದ ದಿನ ನಾನು ಧ್ವನಿ ಎಂಜಿನಿಯರ್ ಆಗಿರಲಿಲ್ಲ, ಎಂಜಿನಿಯರ್ ಆಗಲು ಬೇಕಾದ ಅರ್ಧದಷ್ಟು ಸಾಮಗ್ರಿ ಮಾತ್ರ ನನ್ನಲ್ಲಿತ್ತು. ಉಳಿದರ್ಧ ಎಲ್ಲಿಂದ, ಹೇಗೆ ಬಂತು ಎಂಬುದನ್ನು, ಈ ವೃತ್ತಿಗೆ ಬರಬೇಕೆಂದಿರುವವರಿಗೆ ಉಪಯೋಗವಾಗಲೆಂದು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತರಗತಿ ಕೊಟ್ಟದ್ದನ್ನು ಹೇಳಬೇಕು, ಏಕೆಂದರೆ ಈಚೆಗೆ ಸಾಫ್ಟ್‌ವೇರ್ ಮುಂದೆ ಕುಳಿತು ನೇರವಾಗಿ ಮಿಕ್ಸಿಂಗ್ (ಹಲವು ದನಿಗಳನ್ನು ಬೆರೆಸಿ ಹೊಂದಿಸುವ ಕೆಲಸ) ಆರಂಭಿಸುವವರು ಅದನ್ನೆಲ್ಲ ಹಳೆಯ ಕಾಲದ ಓದು ಎಂದು ಬದಿಗಿಡುತ್ತಾರೆ. ಗಣಿತ, ಭೌತಶಾಸ್ತ್ರ, ಮೂಲ ಎಲೆಕ್ಟ್ರಾನಿಕ್ಸ್, ಮೈಕು ಮತ್ತು ಸ್ಪೀಕರುಗಳ ರಚನೆ, ಧ್ವನಿಶಾಸ್ತ್ರ ಇವು ನನ್ನ ಓದಿನ ಬೆನ್ನೆಲುಬು. ಇವುಗಳಲ್ಲಿ ಅತಿ ಹೆಚ್ಚು ಬಳಕೆಗೆ ಬಂದದ್ದು ಲಾಗರಿದಮ್. ಶಬ್ದದ ಮಟ್ಟ ಹೇಳುವ ಡೆಸಿಬಲ್ ಎಂಬುದು ಎರಡು ಪ್ರಮಾಣಗಳ ನಡುವಿನ ಅನುಪಾತದ ಲಾಗರಿದಮ್, ಅದು ಸ್ವತಂತ್ರವಾದ ಅಳತೆಯಲ್ಲ ಎಂಬುದು ಮನದಟ್ಟಾದ ಮೇಲೆ ಮಿಕ್ಸರಿನ ಪ್ರತಿಯೊಂದು ಅಂಕಿಗೂ ಅರ್ಥ ಬಂತು. ಶಕ್ತಿ ಎರಡು ಪಟ್ಟಾದರೆ 3 ಡೆಸಿಬಲ್, ವೋಲ್ಟೇಜ್ ಎರಡು ಪಟ್ಟಾದರೆ 6 ಡೆಸಿಬಲ್. ಬಯಲಿನಲ್ಲಿ ಸ್ಪೀಕರಿನಿಂದ ದೂರ ಎರಡು ಪಟ್ಟಾದಾಗ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿಲ್ಲ ಎಂದು ಯಾರಾದರೂ ಬಂದು ಹೇಳಿದಾಗ ಆಂಪ್ಲಿಫೈಯರನ್ನು ಎರಡು ಪಟ್ಟು ದೊಡ್ಡದಾಗಿಸಿದರೂ ಸಿಗುವುದು ಕೇವಲ 3 ಡೆಸಿಬಲ್ ಎಂದು ತಿಳಿದವನು, ಆ ಹಣವನ್ನು ಸಭಿಕರ ನಡುವೆ ಇನ್ನೊಂದು ಜೊತೆ ಸ್ಪೀಕರ್ ನಿಲ್ಲಿಸಲು ಬಳಸುತ್ತಾನೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಚಲಿಸುವುದರಿಂದ ವೇದಿಕೆಯಿಂದ 35 ಮೀಟರ್ ದೂರದ ಆ ಜೊತೆಗೆ ಸುಮಾರು 100 ಮಿಲಿಸೆಕೆಂಡ್ ವಿಳಂಬ ಕೊಡಬೇಕು. ಕೊಡದಿದ್ದರೆ ಅಲ್ಲಿ ಕುಳಿತವರಿಗೆ ಒಂದೇ ಮಾತು ಎರಡು ಸಲ ಕೇಳಿಸುತ್ತದೆ.

ಎರಡನೆಯದು ತಂತಿ. ಮೈಕಿಗೆ ಬಳಸುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲಿನ ಮೊದಲನೆಯ ಪಿನ್ನಿಗೆ ಕವಚ, ಎರಡನೆಯದಕ್ಕೂ ಮೂರನೆಯದಕ್ಕೂ ಪರಸ್ಪರ ವಿರುದ್ಧ ದಿಕ್ಕಿನ ಸಿಗ್ನಲ್. ದಾರಿಯಲ್ಲಿ ಸೇರಿಕೊಂಡ ಗದ್ದಲ ಎರಡೂ ತಂತಿಗಳಲ್ಲಿ ಒಂದೇ ರೀತಿ ಇರುವುದರಿಂದ ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ದನಿ ಮಾತ್ರ ಉಳಿಯುತ್ತದೆ. ಈ ಒಂದು ತತ್ವವನ್ನು ಕಾಗದದ ಮೇಲೆ ಬರೆದು, ಆಮೇಲೆ ನನ್ನ ಕೈಯಿಂದಲೇ ಸೋಲ್ಡರ್ ಮಾಡಿ, ಮಲ್ಟಿಮೀಟರ್ ಇಟ್ಟು ಪರೀಕ್ಷಿಸಿ ಕಲಿತೆ. ಮೈಕಿನಿಂದ ಸ್ಪೀಕರಿನವರೆಗೆ ಸಿಗ್ನಲ್ ಹೋಗುವ ದಾರಿಯನ್ನು ಕಣ್ಣು ಮುಚ್ಚಿ ಹೇಳಬಲ್ಲವನಿಗೆ ಕಾರ್ಯಕ್ರಮದ ನಡುವೆ ದನಿ ನಿಂತಾಗ ಗಾಬರಿಯಾಗುವುದಿಲ್ಲ, ಅವನು ದಾರಿಯ ಮಧ್ಯದಲ್ಲಿ ನಿಂತು, ಇಲ್ಲಿಯವರೆಗೆ ಬಂದಿದೆಯೇ ಎಂದು ನೋಡುತ್ತಾನೆ, ಬಂದಿದ್ದರೆ ಮುಂದಿನ ಅರ್ಧವನ್ನೂ ಬಂದಿಲ್ಲದಿದ್ದರೆ ಹಿಂದಿನ ಅರ್ಧವನ್ನೂ ಹುಡುಕುತ್ತಾನೆ. ನನ್ನ ಮಟ್ಟಿಗೆ ಈ ವಿದ್ಯೆಯೇ ಉಳಿದೆಲ್ಲಕ್ಕೂ ತಳಪಾಯ.

ಡಿಪ್ಲೊಮಾ ಮುಗಿದ ಮೇಲೆ ಸ್ಟುಡಿಯೋದ ಬಾಗಿಲು ತಟ್ಟುವ ಬದಲು ನಾನು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಒಂದು ಸಂಸ್ಥೆಯಲ್ಲಿ ಸಹಾಯಕನಾಗಿ ಸೇರಿದೆ. ಮದುವೆ, ಸಭೆ, ಜಾತ್ರೆ, ರಾಮನವಮಿಯ ಸಂಗೀತ ಕಛೇರಿ, ಯಕ್ಷಗಾನ ಎಲ್ಲಕ್ಕೂ ನಾವೇ ಹೋಗುತ್ತಿದ್ದೆವು. ಅಲ್ಲಿ ಇದ್ದ ಹಿರಿಯರಿಗೆ ಪುಸ್ತಕದ ಓದು ಇರಲಿಲ್ಲ, ಆದರೆ ಅರ್ಥಿಂಗ್ ಸರಿಯಿದೆಯೇ ಎಂದು ನೋಡದೆ ಅವರು ಒಂದು ಪ್ಲಗ್ಗನ್ನೂ ಚುಚ್ಚುತ್ತಿರಲಿಲ್ಲ. ಜನರೇಟರ್ ಬಂದ ಕೂಡಲೇ ಫೇಸು, ನ್ಯೂಟ್ರಲ್, ಅರ್ಥ್‌ಗಳ ನಡುವಿನ ವೋಲ್ಟೇಜನ್ನು ಅಳೆದು, ಲೈಟಿನವರ ಲೈನಿಗೂ ನಮ್ಮ ಲೈನಿಗೂ ಸಂಬಂಧವಿಲ್ಲದಂತೆ ನೋಡಿಕೊಂಡು, ಆಮೇಲೆ ಪೆಟ್ಟಿಗೆ ತೆರೆಯುತ್ತಿದ್ದರು. "ಮೊದಲು ಕರೆಂಟು, ಆಮೇಲೆ ಸಂಗೀತ, ತಮ್ಮಾ" ಎಂದು ಅವರು ಹೇಳುತ್ತಿದ್ದುದನ್ನು ನಾನು ಅಕ್ಷರಶಃ ಪಾಲಿಸುತ್ತೇನೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತ ಗಾಯಕರು ಲೋಹದ ಮೈಕನ್ನು ತುಟಿಗೆ ಹತ್ತಿರ ಹಿಡಿಯುತ್ತಾರೆ ಎಂಬುದನ್ನು ನೆನೆದರೆ ಈ ಎಚ್ಚರ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ನನ್ನ ನಿಜವಾದ ಶಾಲೆ ಎಂದರೆ ಯಕ್ಷಗಾನದ ರಂಗಸ್ಥಳ. ಸೌಂಡ್ ಎಂಜಿನಿಯರಿಂಗ್‌ನ ಪಠ್ಯಪುಸ್ತಕಗಳಲ್ಲಿ ಡ್ರಮ್ ಸೆಟ್ಟಿಗೆ, ಗಿಟಾರಿಗೆ, ಪಿಯಾನೋಕ್ಕೆ ಮೈಕು ಇಡುವ ಚಿತ್ರಗಳಿರುತ್ತವೆ, ಚೆಂಡೆಗೆ ಇರುವುದಿಲ್ಲ. ಭಾಗವತರು, ಮದ್ದಳೆಯವರು, ಚೆಂಡೆಯವರು ಒಬ್ಬರ ಮಗ್ಗುಲಲ್ಲಿ ಒಬ್ಬರು ಇರುವಾಗ ಚೆಂಡೆಯ ಪೆಟ್ಟು ಭಾಗವತರ ಮೈಕಿಗೆ ಬೇಡವೆಂದರೂ ಬಂದೇ ಬರುತ್ತದೆ. ಚೆಂಡೆಗೆ ಪ್ರತ್ಯೇಕ ಮೈಕು ಇಟ್ಟು ಏರಿಸುವ ಅಗತ್ಯವೇ ಅನೇಕ ಕಡೆ ಇರುವುದಿಲ್ಲ. ಭಾಗವತರ ಮೈಕಿನ ಕೇಳದ ದಿಕ್ಕು ಯಾವುದೆಂದು ತಿಳಿದು ಆ ದಿಕ್ಕನ್ನು ಚೆಂಡೆಯ ಕಡೆಗೆ ತಿರುಗಿಸುವುದೇ ಅಲ್ಲಿನ ಕೆಲಸ. ಕಾರ್ಡಿಯಾಯ್ಡ್ ಮೈಕು ನೇರ ಹಿಂದಿನಿಂದ ಬರುವುದನ್ನು ಅತಿ ಕಡಿಮೆ ಕೇಳುತ್ತದೆ, ಸೂಪರ್ ಕಾರ್ಡಿಯಾಯ್ಡ್ ಮೈಕು ಮುಂದಿನ ದಿಕ್ಕಿನಿಂದ ಸುಮಾರು 125 ಡಿಗ್ರಿಯಲ್ಲಿ ಅತಿ ಕಡಿಮೆ ಕೇಳುತ್ತದೆ. ತರಗತಿಯಲ್ಲಿ ವೃತ್ತಾಕಾರದ ನಕ್ಷೆಯಾಗಿ ನೋಡಿದ್ದ ಈ ಗುಣ ರಂಗಸ್ಥಳದಲ್ಲಿ ಮೈಕಿನ ಕುತ್ತಿಗೆಯನ್ನು ಸ್ವಲ್ಪ ತಿರುಗಿಸಿದಾಗ ಕಿವಿಗೇ ತಿಳಿಯಿತು.

ಅದಕ್ಕಿಂತ ಮುಖ್ಯವಾದದ್ದು ಪ್ರಸಂಗದ ಪರಿಚಯ. ಪದ್ಯ ಮುಗಿದು ಅರ್ಥ, ಎಂದರೆ ಪಾತ್ರಗಳ ಮಾತು, ಆರಂಭವಾಗುವ ಗಳಿಗೆ ಯಾವುದು, ಯಾವ ವೇಷ ಅಬ್ಬರಿಸುತ್ತದೆ, ಯಾವ ಪಾತ್ರ ಮೆಲ್ಲನೆ ಮಾತಾಡುತ್ತದೆ, ಕುಣಿತದ ನಡುವೆ ಕಲಾವಿದರು ರಂಗದ ಮುಂದಿನ ಮೈಕಿನಿಂದ ಎಷ್ಟು ದೂರ ಸರಿಯುತ್ತಾರೆ ಎಂಬುದು ತಿಳಿಯದವನ ಕೈ ದನಿ ಏರಿಸಿ ಇಳಿಸುವ ಫೇಡರಿನ ಮೇಲೆ ಯಾವಾಗಲೂ ಒಂದು ಕ್ಷಣ ತಡವಾಗಿಯೇ ಓಡುತ್ತದೆ, ಆ ಒಂದು ಕ್ಷಣದಲ್ಲಿ ಅರ್ಥದ ಮೊದಲ ಮಾತು ಪ್ರೇಕ್ಷಕರಿಗೆ ತಪ್ಪಿಹೋಗುತ್ತದೆ. ಆದ್ದರಿಂದ ನಾನು ಆಟಕ್ಕೆ ಮುನ್ನ ವೇಷ ಕಟ್ಟುವ ಚೌಕಿಗೆ ಹೋಗಿ, "ಭಾಗವತರೇ, ಇವತ್ತು ಏರು ಪದ್ಯ ಎಲ್ಲೆಲ್ಲಿ ಬರ್ತದೆ?" ಎಂದು ಕೇಳಿ ಬರೆದುಕೊಳ್ಳುವುದನ್ನು ರೂಢಿಸಿಕೊಂಡೆ. ಕೇಳಿದರೆ ಸಂತೋಷದಿಂದ ಹೇಳದ ಭಾಗವತರನ್ನು ನಾನು ಕಂಡಿಲ್ಲ.

ಶಾಸ್ತ್ರೀಯ ಸಂಗೀತದ ವೇದಿಕೆಯೂ ಇದನ್ನೇ ಬೇರೆ ರೀತಿಯಲ್ಲಿ ಕಲಿಸಿತು. ಮೃದಂಗದ ಬಲಬದಿಯ ಕಪ್ಪು ಲೇಪವಾದ ಕರಣೆಯಿಂದ ಬರುವ ನಾದಕ್ಕೂ ರವೆ ಹಚ್ಚಿದ ಎಡಬದಿಯ ಗುಮ್ಮಿಗೂ ಒಂದೇ ಮೈಕು, ಒಂದೇ ಹೊಂದಾಣಿಕೆ ಸಾಲದು. ಎಡಬದಿಗೆ ಮೈಕು ತೀರಾ ಹತ್ತಿರವಾದರೆ ಕಾರ್ಡಿಯಾಯ್ಡ್ ಮೈಕುಗಳ ಸಹಜ ಗುಣದಿಂದ ತಗ್ಗಿನ ದನಿ ಉಬ್ಬಿ ಗಾಯನವನ್ನೇ ಮುಚ್ಚುತ್ತದೆ. ಕಛೇರಿ ಆರಂಭವಾಗುವ ಮೊದಲು ನಾನು ವಾದಕರ ಅನುಮತಿ ಪಡೆದು ವಾದ್ಯದ ಮುಂದೆ, ಶ್ರೋತೃವಿನಂತೆ, ಯಾವ ಯಂತ್ರವೂ ಇಲ್ಲದೆ ಕೆಲವು ನಿಮಿಷ ಕೂರುತ್ತೇನೆ. ಆ ವಾದ್ಯದ ನಿಜವಾದ ದನಿ ಕಿವಿಯಲ್ಲಿ ನಿಂತ ಮೇಲೆಯೇ ಸ್ಪೀಕರಿನಿಂದ ಬರುವುದು ಅದಕ್ಕೆ ಹತ್ತಿರವಿದೆಯೇ ಎಂದು ಅಳೆಯಲು ಸಾಧ್ಯ. ಮೂಲ ಕೇಳದೆ ಈಕ್ಯೂ (ತಗ್ಗು, ಎತ್ತರದ ದನಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ತಿರುಗಿಸುವವರು ತಮಗೆ ಅಭ್ಯಾಸವಾದ ಒಂದೇ ಬಣ್ಣವನ್ನು ಎಲ್ಲ ವಾದ್ಯಗಳಿಗೂ ಬಳಿಯುತ್ತಾರೆ, ಇಂದು ನಮ್ಮ ಸಭಾಗೃಹಗಳಲ್ಲಿ ಪಿಟೀಲು ಮತ್ತು ವೀಣೆ ಎರಡೂ ಸೀಳುದನಿಯಾಗಿ ಕೇಳಿಸಲು ಇದೊಂದು ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಸಭಾಂಗಣವೂ ಒಂದು ವಾದ್ಯವೇ ಎಂಬುದನ್ನು ಲೆಕ್ಕದಿಂದ ಅರಿಯಬಹುದು. ದನಿ ನಿಂತ ಮೇಲೂ ಉಳಿಯುವ ಅನುರಣನ 60 ಡೆಸಿಬಲ್ ಇಳಿಯಲು ಹಿಡಿಯುವ ಕಾಲವನ್ನು ಸಾಬಿನ್ ಸೂತ್ರದಿಂದ ಅಂದಾಜಿಸುತ್ತೇವೆ: 0.161ನ್ನು ಸಭಾಂಗಣದ ಘನಗಾತ್ರದಿಂದ ಗುಣಿಸಿ, ಅಲ್ಲಿನ ನೆಲ, ಗೋಡೆ, ಜನರ ಒಟ್ಟು ಶಬ್ದ ಹೀರಿಕೆಯಿಂದ ಭಾಗಿಸಬೇಕು. 30 ಮೀಟರ್ ಉದ್ದ, 15 ಮೀಟರ್ ಅಗಲ, 6 ಮೀಟರ್ ಎತ್ತರದ ಕಲ್ಯಾಣಮಂಟಪದ ಘನಗಾತ್ರ 2,700 ಘನ ಮೀಟರ್. ಗ್ರಾನೈಟ್ ನೆಲ, ಬರಿಗೋಡೆಗಳ ಅಂಥ ಕಡೆ ಒಟ್ಟು ಹೀರಿಕೆ 150 ಚದರ ಮೀಟರಿನಷ್ಟಿದ್ದರೆ ಕಾಲ ಸುಮಾರು 2.9 ಸೆಕೆಂಡ್ ಆಗುತ್ತದೆ, ಮಾತು ಕಲಸಿಹೋಗುತ್ತದೆ. 300 ಜನ ಬಂದು ಕುಳಿತು ಒಬ್ಬೊಬ್ಬರೂ 0.45 ಚದರ ಮೀಟರಿನಷ್ಟು ಹೀರಿದರೆ ಅದೇ ಕಾಲ ಸುಮಾರು 1.5 ಸೆಕೆಂಡಿಗೆ ಇಳಿಯುತ್ತದೆ. ಖಾಲಿ ಮಂಟಪದಲ್ಲಿ ಬೆಳಿಗ್ಗೆ ಮಾಡಿದ ಸೌಂಡ್ ಚೆಕ್ ಸಂಜೆಗೆ ಏಕೆ ಹೊಂದುವುದಿಲ್ಲ ಎಂಬುದಕ್ಕೆ ಉತ್ತರ ಈ ಎರಡು ಅಂಕಿಗಳಲ್ಲಿದೆ. ಡಿಪ್ಲೊಮಾದಲ್ಲಿ ಪರೀಕ್ಷೆಗಾಗಿ ಕಲಿತ ಸೂತ್ರವನ್ನು ನಾನು ಈಗಲೂ ಪ್ರತಿ ಹೊಸ ಸಭಾಂಗಣದಲ್ಲಿ ಹೆಜ್ಜೆಯಿಂದ ಅಳತೆ ಮಾಡಿ ಬಳಸುತ್ತೇನೆ.

ಮೈಕ್‌ಸೆಟ್ಟಿನ ಕೆಲಸದ ನಂತರ ಡಬ್ಬಿಂಗ್ ಸ್ಟುಡಿಯೋಕ್ಕೆ ಬಂದೆ. ಒಂದು ಕಾಲದಲ್ಲಿ ಕನ್ನಡ ಚಿತ್ರಗಳ ಧ್ವನಿಯ ಕೆಲಸಕ್ಕೆ ಮದ್ರಾಸಿಗೆ ಹೋಗುವುದೇ ರೂಢಿಯಾಗಿತ್ತು. ಶಂಕರ್‌ನಾಗ್ ಅವರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ ಮೇಲೆ ಇಲ್ಲಿಯೇ ಆ ಕೆಲಸ ಬೇರೂರಲು ದೊಡ್ಡ ಬಲ ಬಂತು. ಹಾಗೆ ಬೆಳೆದ ಪರಂಪರೆಯ ಕೊನೆಯ ಕೊಂಡಿಯಾಗಿ ನಾನು ಕಲಿತದ್ದು ಕನ್ನಡ ಮಾತಿನ ಧ್ವನಿಗುಣ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಯಾರು ಮಾಡಿದರು, ಮಾಡಿದರೋ ಇಲ್ಲವೋ ಎಂಬುದು ಅದರ ಕೊನೆಯ ಅಕ್ಷರಗಳಲ್ಲಿರುತ್ತದೆ. ಮಾತಾಡುವವರ ಉಸಿರು ಮತ್ತು ದನಿ ಇಳಿಯುವುದೂ ಅಲ್ಲಿಯೇ. ಬರುತ್ತಾನೆ, ಬರುತ್ತಾಳೆ, ಬರಲ್ಲ ಇವುಗಳ ವ್ಯತ್ಯಾಸ ಹಿನ್ನೆಲೆ ಸಂಗೀತದಲ್ಲಿ ಮುಳುಗಿದರೆ ದೃಶ್ಯದ ಅರ್ಥವೇ ಮುಳುಗುತ್ತದೆ. ಹಾಗಾಗಿ ವಾಕ್ಯದ ತುದಿಯಲ್ಲಿ ಫೇಡರನ್ನು ಎರಡು ಮೂರು ಡೆಸಿಬಲ್ ಮೇಲೆತ್ತುವುದು ನನ್ನ ಕೈಯ ಅಭ್ಯಾಸವಾಯಿತು. ಭ, ಫ, ಖ ಮುಂತಾದ ಮಹಾಪ್ರಾಣಗಳಲ್ಲಿ ಮತ್ತು ಪಕಾರದಲ್ಲಿ ಬಾಯಿಂದ ಗಾಳಿ ನುಗ್ಗಿ ಮೈಕಿನ ತೆರೆಗೆ ಬಡಿಯುತ್ತದೆ. ಇದಕ್ಕೆ ಕಲಾವಿದರ ತುಟಿಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಮೈಕು ಇಡುವುದು ಯಾವ ಫಿಲ್ಟರಿಗಿಂತಲೂ ಒಳ್ಳೆಯ ಪರಿಹಾರ. ಸ, ಶ, ಷಗಳ ಸೀಳು ಸಾಮಾನ್ಯವಾಗಿ 5 ಸಾವಿರದಿಂದ 8 ಸಾವಿರ ಹರ್ಟ್ಸ್ ನಡುವೆ ಇರುತ್ತದೆ. ಅದನ್ನು ತಗ್ಗಿಸಹೋಗಿ ಸಕಾರ ಶಕಾರಗಳ ಭೇದವನ್ನೇ ಅಳಿಸಬಾರದು ಎಂಬ ಎಚ್ಚರವನ್ನು ಒಬ್ಬ ಹಿರಿಯ ಕಂಠದಾನ ಕಲಾವಿದೆ ನನಗೆ ಕಲಿಸಿದರು.

ಕಿವಿಯ ಅಭ್ಯಾಸವನ್ನು ಕುರಿತು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಮನೆಯಲ್ಲಿ, ಖರ್ಚಿಲ್ಲದೆ, ಯಾರು ಬೇಕಾದರೂ ಆರಂಭಿಸಬಹುದು. ಆಡಾಸಿಟಿಯಂತಹ ಉಚಿತ ಸಾಫ್ಟ್‌ವೇರಿನಲ್ಲಿ ಪಿಂಕ್ ನಾಯ್ಸ್ (ತಗ್ಗಿನಿಂದ ಎತ್ತರದವರೆಗಿನ ಎಲ್ಲ ದನಿಗಳೂ ಬೆರೆತ ಸದ್ದು) ತಯಾರಿಸಿ, 125, 250, 500, 1000, 2000, 4000, 8000 ಹರ್ಟ್ಸ್‌ಗಳಲ್ಲಿ ಒಂದೊಂದನ್ನೇ 12 ಡೆಸಿಬಲ್ ಏರಿಸಿದ ತುಣುಕುಗಳನ್ನು ಮಾಡಿಟ್ಟುಕೊಂಡು, ಗೆಳೆಯರೊಬ್ಬರಿಂದ ಕ್ರಮ ತಪ್ಪಿಸಿ ನುಡಿಸಿ ಯಾವುದೆಂದು ಗುರುತಿಸುತ್ತಾ ಹೋಗಬೇಕು. ಅದು ಸುಲಭವಾದಾಗ ಏರಿಕೆಯನ್ನು 6ಕ್ಕೆ, ಆಮೇಲೆ 3ಕ್ಕೆ ಇಳಿಸಬೇಕು, ಆನಂತರ ನಾಯ್ಸ್ ಬಿಟ್ಟು ಮಾತು ಮತ್ತು ಸಂಗೀತದ ಮೇಲೆ ಇದೇ ಅಭ್ಯಾಸ ಮಾಡಬೇಕು. 250ರ ಸುತ್ತ ಹೆಚ್ಚಾದ ಗಂಡುದನಿ ಮಡಕೆಯೊಳಗಿಂದ ಬಂದಂತೆ ಕೇಳಿಸುತ್ತದೆ ಎಂದು ಒಮ್ಮೆ ಗುರುತಾದರೆ ಅದು ಮರೆಯುವುದಿಲ್ಲ. ಇದರ ಜೊತೆಗೆ ನಾನು ತಂಬೂರಿಯನ್ನು ಬಳಸಿದೆ. ಷಡ್ಜ ಸುಮಾರು 131 ಹರ್ಟ್ಸ್ ಇರುವ ಸಿ ಶ್ರುತಿಯಲ್ಲಿ ಅದರ ಗುಣಕಗಳು 262, 392, 523, 654 ಹೀಗೆ ಸಾಗುತ್ತವೆ. ಚೆನ್ನಾಗಿ ಜೀವಾಳ (ತಂತಿಯ ಕೆಳಗಿಡುವ ನೂಲು) ಕೂಡಿದ ತಂಬೂರಿಯಲ್ಲಿ ತಾನಾಗಿ ಮೂಡುವ ಸ್ವಯಂಭೂ ಗಾಂಧಾರ ಷಡ್ಜದ ಐದು ಪಟ್ಟಾದ ಈ ಕೊನೆಯ ಗುಣಕವೇ. ಅದನ್ನು ಕೇಳಿಸಿಕೊಳ್ಳಲು ಕಲಿತವನಿಗೆ 654 ಹರ್ಟ್ಸ್ ಎಂಬುದು ಬರಿಯ ಅಂಕಿಯಾಗಿ ಉಳಿಯುವುದಿಲ್ಲ. ಫೀಡ್‌ಬ್ಯಾಕ್ ಆಗಿ, ಎಂದರೆ ಸ್ಪೀಕರಿನ ದನಿ ಮತ್ತೆ ಮೈಕಿಗೇ ಸೇರಿ, ಮೈಕು ಕೂಗಿದಾಗ ಆ ಕೂಗನ್ನು ಶ್ರುತಿಗೆ ಹೋಲಿಸಿ, ಅದು ಪಂಚಮವೋ ಗಾಂಧಾರವೋ ಎಂದು ಗುರುತಿಸಿ, ಈಕ್ಯೂವಿನ ಸರಿಯಾದ ಪಟ್ಟಿಯನ್ನು ಇಳಿಸುವುದು ನನಗೆ ಸಾಧ್ಯವಾದದ್ದು ಹೀಗೆ. ಸಂಗೀತ ಬಾರದಿದ್ದರೂ ಶ್ರುತಿಜ್ಞಾನವನ್ನಾದರೂ ಒಬ್ಬ ಗುರುವಿನ ಬಳಿ ಕಲಿಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಚಿತ್ರೀಕರಣದ ಸ್ಥಳದಲ್ಲಿಯೇ ಧ್ವನಿ ಹಿಡಿಯುವ ಸಿಂಕ್ ಸೌಂಡ್ ಕೆಲಸಕ್ಕೆ ಹೋದಾಗ ಬೇರೆ ಬಗೆಯ ತಾಳ್ಮೆ ಬೇಕಾಯಿತು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸುತ್ತಾ, ಜೋರಾದ ಮಾತು ಮೈನಸ್ 12 ಡೆಸಿಬಲಿನ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ (ಮೈಕಿನ ಸಿಗ್ನಲನ್ನು ಹಿಗ್ಗಿಸುವ ಮಟ್ಟ) ಇಡುವುದು ಒಂದು ವಾರದಲ್ಲಿ ಬರುತ್ತದೆ. ಫ್ರೇಮಿನ ಅಂಚಿಗೆ ತಾಗದಂತೆ ಬೂಮ್ (ಮೈಕು ಕಟ್ಟಿದ ಉದ್ದ ಕೋಲು) ಹಿಡಿದು ನಟರ ಜೊತೆ ಹೆಜ್ಜೆ ಹಾಕುವುದು, ಸೀರೆಯ ಸರಬರ ಬಾರದಂತೆ ಉಡುಪಿಗೆ ಸಿಕ್ಕಿಸುವ ಲ್ಯಾಪೆಲ್ ಮೈಕನ್ನು ಕಟ್ಟುವುದು, ಪ್ರತಿ ಸ್ಥಳದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷದ ರೂಮ್ ಟೋನ್ (ಮಾತಿಲ್ಲದಾಗ ಆ ಜಾಗದಲ್ಲಿ ಕೇಳುವ ಸಹಜ ಸದ್ದು) ಪಡೆಯುವುದು, ಇವಕ್ಕೆ ವರ್ಷಗಳು ಹಿಡಿಯುತ್ತವೆ. ಇಡೀ ಘಟಕವೇ ಊಟಕ್ಕೆ ಕಾಯುತ್ತಿರುವಾಗ ಆ ಒಂದು ನಿಮಿಷವನ್ನು ವಿನಯದಿಂದ, ಆದರೆ ಬಿಡದೆ ಕೇಳಿ ಪಡೆಯಬೇಕು. ಸಂಕಲನದ ಮೇಜಿನಲ್ಲಿ ಮಾತಿನ ನಡುವಿನ ತೇಪೆಗಳನ್ನು ಮುಚ್ಚುವುದು ಅದೇ ನಿಮಿಷ.

ಯಾವ ಓದು ಆರಿಸಬೇಕು ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ಪಷ್ಟ. ಎಸ್ಸೆಸ್ಸೆಲ್ಸಿ ಆದವರಿಗೆ ಹೆಸರಘಟ್ಟದ ಡಿಪ್ಲೊಮಾ, ಪದವಿ ಮುಗಿಸಿ ಸಿನಿಮಾ ಧ್ವನಿವಿನ್ಯಾಸದ ಕಡೆ ಹೋಗಬೇಕೆಂದಿರುವವರಿಗೆ ಪುಣೆಯ ಸಂಸ್ಥೆ ಅಥವಾ ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ ಒಳ್ಳೆಯ ದಾರಿಗಳು. ಪುಣೆಯ ಧ್ವನಿ ವಿಭಾಗಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರಬೇಕು ಎಂಬುದನ್ನು ಮೊದಲೇ ಗಮನಿಸಿ ವಿಷಯ ಆರಿಸಿಕೊಳ್ಳಿ. ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಪುಣೆಯಲ್ಲಿಯೇ ಕಲಿತವರು. ಖಾಸಗಿ ಸಂಸ್ಥೆಗೆ ಸೇರುವವರು ಹಣ ಕಟ್ಟುವ ಮುನ್ನ ಎರಡು ವಿಷಯ ಕೇಳಿ: ವಾರಕ್ಕೆ ಒಬ್ಬ ವಿದ್ಯಾರ್ಥಿಯ ಕೈಗೆ ಮಿಕ್ಸರ್ ಎಷ್ಟು ಗಂಟೆ ಸಿಗುತ್ತದೆ, ಮತ್ತು ನಿಜವಾದ ವಾದ್ಯ ನುಡಿಸುವವರು ಎಷ್ಟು ಬಾರಿ ಬಂದು ಕೂರುತ್ತಾರೆ. ಸಿದ್ಧ ಟ್ರ್ಯಾಕುಗಳನ್ನು ಮಾತ್ರ ಕೊಟ್ಟು ಮಿಕ್ಸಿಂಗ್ ಕಲಿಸುವ ಕಡೆ ಮೈಕು ಇಡುವುದನ್ನು ಕಲಿಯಲು ಸಾಧ್ಯವಿಲ್ಲ, ಮೈಕು ತಪ್ಪಿದ ಕಡೆ ಇದ್ದರೆ ಸಾಫ್ಟ್‌ವೇರಿನ ಯಾವ ಪ್ಲಗ್‌ಇನ್ನೂ ಅದನ್ನು ಸರಿಪಡಿಸುವುದಿಲ್ಲ.

ಕಾನೂನನ್ನೂ ಕಿವಿಯ ಆರೋಗ್ಯವನ್ನೂ ಪಠ್ಯದ ಭಾಗವಾಗಿಯೇ ಓದಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಕರಾವಳಿಯಲ್ಲಿ ಇಡೀ ರಾತ್ರಿಯ ಆಟಗಳು ಕಾಲಮಿತಿಗೆ ಇಳಿಯಲು ಇದೂ ಒಂದು ಕಾರಣ. ಇನ್ನು ನಮ್ಮ ಕಿವಿಗೆ 85 ಡೆಸಿಬಲ್ ಮಟ್ಟದಲ್ಲಿ ದಿನಕ್ಕೆ 8 ಗಂಟೆ ಮಿತಿಯಾದರೆ, ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ನಲ್ಲಿ ಉಳಿಯುವುದು 15 ನಿಮಿಷ ಮಾತ್ರ. ಜಾತ್ರೆಯ ಕೆಲಸವಿದ್ದ ಮಾರನೆಯ ದಿನ ನಾನು ಮಿಕ್ಸಿಂಗ್ ಒಪ್ಪಿಕೊಳ್ಳುವುದಿಲ್ಲ, ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸುತ್ತೇನೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರ ನಮ್ಮ ರಾಜ್ಯದಲ್ಲಿಯೇ ಇರುವಾಗ ಇದನ್ನು ಮುಂದೂಡಲು ಕಾರಣವಿಲ್ಲ.

ಈಗ ನನ್ನ ಬಳಿ ಕಲಿಯಲು ಬರುವವರಿಗೆ ಮೊದಲ ತಿಂಗಳು ಕೇಬಲ್ ಸುತ್ತುವುದು, ಸೋಲ್ಡರ್ ಮಾಡುವುದು, ಸಿಗ್ನಲ್ ದಾರಿಯ ನಕ್ಷೆ ಬರೆಯುವುದು ಮತ್ತು ಪ್ರತಿದಿನ ಕಿವಿಯ ಅಭ್ಯಾಸ ಇರುತ್ತದೆ. ಎರಡನೆಯ ತಿಂಗಳಿನಿಂದ ಅವರು ನನ್ನ ಪಕ್ಕದಲ್ಲಿ ಕುಳಿತು ಕಲಾವಿದರಿಗೆ ವೇದಿಕೆಯ ಮೇಲೆ ದನಿ ಕೇಳಿಸುವ ಮಾನಿಟರ್ ಸ್ಪೀಕರುಗಳನ್ನು ನೋಡಿಕೊಳ್ಳುತ್ತಾರೆ. ಕಲಿಯುವವರು ಎಂಬ ಕಾರಣಕ್ಕೆ ಬಿಟ್ಟಿ ದುಡಿಸಿಕೊಳ್ಳುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ರಾತ್ರಿ ಪೆಟ್ಟಿಗೆ ಹೊತ್ತವರಿಗೆ ಆ ರಾತ್ರಿಯ ಭತ್ಯೆ, ಊಟ ಮತ್ತು ಊರಿಗೆ ಮರಳುವ ಬಸ್ ಖರ್ಚು ಮೊದಲ ದಿನದಿಂದಲೇ ಸಲ್ಲಬೇಕು, ಅದನ್ನು ಸಂಘಟಕರ ಜೊತೆ ಮಾತಾಡುವಾಗಲೇ ನನ್ನ ದರದಲ್ಲಿ ಸೇರಿಸಿ ಹೇಳುತ್ತೇನೆ.